ಗುಳೆ ಹೊರಡುವ ಮುನ್ನ ಮನೆ ಮತ್ತು ಹಿತ್ತಲಿನ ಕೆಲಸಗಳು



ಹಸ್ತದ ಮಳೆ ಮುಗಿದು ಚಿತ್ತೆಯ ಮಳೆ ನಡೆದಿರುವ ದಿನಗಳಿವು. ಹೆಸರು, ಸಜ್ಜೆ ಮನೆಗೆ ಬಂದಿವೆ. ತೊಗರಿ ಹೂವಿಗೆ ಬರುತ್ತಲಿದೆ. ಹಿಂಗಾರಿ ಜೋಳ, ಕಡಲೆಯ ಬಿತ್ತನೆ ಕೆಲವರದು ಮುಗಿದಿದೆ, ಕೆಲವರದು ನಡೆದಿದೆ. ಇನ್ನು ಸೀಗಿ ಹುಣ್ಣಿಮೆ. ಅಲ್ಲಿಂದ ಹದಿನೈದು ದಿನಕ್ಕೆ ದೀಪಾವಳಿಯ ಅಮಾವಾಸ್ಯೆ. ಹಬ್ಬ ಮುಗಿಯಿತೆಂದರೆ ವಿಜಯಪುರ, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ ಈ ಜಿಲ್ಲೆಗಳ ಒಣಬೇಸಾಯದ ಹಳ್ಳಿಗಳಿಂದ ಎಷ್ಟೋ ಕುಟುಂಬಗಳು ಗುಳೆ ಹೊರಡುತ್ತವೆ. ಕೆಲವರು ಕಬ್ಬು ಕಡಿಯಲು ಕಾರ್ಖಾನೆಗಳ ಸೀಮೆಗೆ, ಕೆಲವರು ಕಟ್ಟಡದ ಕೆಲಸಕ್ಕೆ ಬೆಂಗಳೂರು, ಪುಣೆ, ಗೋವೆಗೆ. ತಿರುಗಿ ಊರು ಕಾಣುವುದು ಯುಗಾದಿಯ ಸುಮಾರಿಗೆ. ಕೆಲವರಿಗೆ ಅದಕ್ಕೂ ತಡವಾದೀತು.

ಗುಳೆ ಹೋಗುವುದು ಒಳ್ಳೆಯದೋ ಕೆಟ್ಟದ್ದೋ ಎಂದು ನಾನು ಈಗ ಮಾತನಾಡಲು ಬಂದಿಲ್ಲ. ಮುಕಾದಮನ ಕೈಯಿಂದ ಮುಂಗಡ ತೆಗೆದುಕೊಂಡಾಗಿದೆ, ಹೋಗಲೇಬೇಕು ಎನ್ನುವವರಿಗೆ ಆ ಚರ್ಚೆಯಿಂದ ಏನೂ ಆಗಬೇಕಾದ್ದಿಲ್ಲ. ಹೋಗುವವರು ಹೋಗುವುದಕ್ಕೆ ಮುಂಚೆ ಮನೆಯನ್ನೂ ಹಿತ್ತಲನ್ನೂ ಯಾವ ಸ್ಥಿತಿಯಲ್ಲಿ ಬಿಟ್ಟು ಹೋಗಬೇಕು ಎಂಬುದಷ್ಟೇ ಇಂದಿನ ವಿಷಯ.

ಹಳ್ಳಿಗಳಲ್ಲಿ ಈ ಮಾತು ತೆಗೆದಾಗಲೆಲ್ಲ ಒಬ್ಬರಾದರೂ ಕೇಳುತ್ತಾರೆ: "ಬಿಟ್ಟು ಹೋಗೋ ಮನಿಗೆ ಸುಣ್ಣ ಯಾಕ್ರಿ? ಬಂದ ಮ್ಯಾಲ ಬಳಿದರಾತು." ಕೇಳುವುದಕ್ಕೆ ಸರಿಯಾಗಿಯೇ ಇದೆ. ಆದರೆ ಜನರಿರುವ ಮನೆಗಿಂತ ಬೀಗ ಹಾಕಿದ ಮನೆ ಬೇಗ ಕೆಡುತ್ತದೆ. ಜನರಿದ್ದಾಗ ದಿನಾ ಕಸಬರಿಗೆ ಆಡುತ್ತದೆ, ಒಲೆಯ ಹೊಗೆ ಜಂತಿಗೆ ತಾಗುತ್ತದೆ, ಗೋಡೆಯ ಮೇಲೆ ಗೆದ್ದಲಿನ ಮಣ್ಣಿನ ಗೆರೆ ಎದ್ದರೆ ಅದೇ ದಿನ ಯಾರಾದರೂ ಕೆರೆದು ಹಾಕುತ್ತಾರೆ. ಮನೆ ಮುಚ್ಚಿದ ಮೇಲೆ ಗೆದ್ದಲಿಗೆ ಐದು ತಿಂಗಳ ಬಿಡುವು ಸಿಗುತ್ತದೆ, ಇಲಿಗೂ ಅಷ್ಟೇ. ಇನ್ನೊಂದು ಮಾತು. ನೀವು ಬರುವುದಕ್ಕೆ ಮುಂಚೆಯೇ ಮಳೆ ಬರಬಹುದು. ಏಪ್ರಿಲ್ ತಿಂಗಳಲ್ಲಿ ಗುಡುಗು ಗಾಳಿಯೊಂದಿಗೆ ಬರುವ ಅಡ್ಡಮಳೆ ಒಂದು ತಾಸಿನಲ್ಲಿ ಮಾಳಿಗೆಯ ಒಂದು ಮೂಲೆಯನ್ನು ಕೆಡವಬಲ್ಲುದು. ಆಗ ಕಬ್ಬಿನ ಗದ್ದೆಯಲ್ಲಿ ಬೆವರು ಸುರಿಸಿ ಗಳಿಸಿ ತಂದ ಹಣದಲ್ಲಿ ಮೊದಲ ಪಾಲು ಗೋಡೆಗೇ ಹೋಗುತ್ತದೆ.

ಇನ್ನು ಕಾಲದ ವಿಚಾರ. ಸೀಗಿ ಹುಣ್ಣಿಮೆಯಿಂದ ದೀಪಾವಳಿಯವರೆಗಿನ ಹದಿನೈದು ದಿನ ಈ ಕೆಲಸಕ್ಕೆ ಅನುಕೂಲವಾದವು. ನೆಲದಲ್ಲಿ ಮಳೆಯ ತೇವ ಇನ್ನೂ ಉಳಿದಿದೆ, ಗೋಡೆಯೂ ಕಾದಿಲ್ಲ, ಬಿಸಿಲು ಮೆತ್ತಗಿದೆ. ಸುಣ್ಣಕ್ಕೂ ಗಿಡಕ್ಕೂ ಬೇಕಾದದ್ದು ಇದೇ ತೇವ. ಅದು ಹಾರಿಹೋದ ಮೇಲೆ ಹೊರಗಿನಿಂದ ಎಷ್ಟು ನೀರು ಹೊತ್ತು ಸುರಿದರೂ ಸಾಲದು. ಮಾನವಮಿಗೆಂದು ಒಳಗೋಡೆಗೆ ಆಗಲೇ ಸುಣ್ಣ ಬಳಿದವರು ಹೊರಗೋಡೆ, ದನದ ಕೊಟ್ಟಿಗೆ, ಕಾಳು ಇಡುವ ಕೋಣೆ ಇವುಗಳನ್ನು ಈಗ ನೋಡಿಕೊಳ್ಳಲಿ.

ಮೊದಲು ಮಾಳಿಗೆ ಹತ್ತಿರಿ. ಮಣ್ಣಿನ ಮಾಳಿಗೆಯಲ್ಲಿ ಮಳೆಗಾಲದಲ್ಲಿ ಹುಟ್ಟಿದ ಹುಲ್ಲು, ಗಿಡಗಳನ್ನು ಬೇರುಸಹಿತ ಕೀಳಿರಿ. ಬೇರು ಒಣಗಿದ ಜಾಗವೇ ಮುಂದೆ ನೀರು ಇಳಿಯುವ ತೂತಾಗುತ್ತದೆ. ಕಿತ್ತಲ್ಲೆಲ್ಲ ಹದವಾದ ಮಣ್ಣು ಹಾಕಿ ಬಡಿದು ಗಟ್ಟಿ ಮಾಡಿರಿ. ನೀರು ಹೊರಬೀಳುವ ತೂಬಿನಲ್ಲಿ ಎಲೆ, ಹಕ್ಕಿಯ ಗೂಡು ಸಿಕ್ಕಿಕೊಂಡಿದ್ದರೆ ತೆಗೆದು, ಒಂದು ಕೊಡ ನೀರು ಸುರಿದು ಸರಾಗವಾಗಿ ಹರಿಯುತ್ತದೆಯೇ ಎಂದು ನೋಡಿರಿ. ಮಾಳಿಗೆಗೆ ಒರಗಿದ ಮರದ ಕೊಂಬೆಯನ್ನು ಕತ್ತರಿಸಿರಿ. ಇಲಿಗೆ ಅದೇ ಏಣಿ.

ಆಮೇಲೆ ಗೋಡೆ. ಬಿರುಕುಗಳಿಗೆ ಮಣ್ಣು, ಹೊಟ್ಟು, ಸಗಣಿ ಕಲಸಿ ಎರಡು ಮೂರು ದಿನ ಕೊಳೆಯಲು ಬಿಟ್ಟ ಕೆಸರನ್ನು ತುಂಬಬೇಕು. ಈಚೆಗೆ ಅನೇಕರು ಮಣ್ಣಿನ ಗೋಡೆಯ ಬಿರುಕಿಗೆ ಸಿಮೆಂಟು ಮೆತ್ತುತ್ತಾರೆ. ಮಣ್ಣು ನೀರುಂಡು ಉಬ್ಬುತ್ತದೆ, ಒಣಗಿ ಕುಗ್ಗುತ್ತದೆ; ಸಿಮೆಂಟು ಅದರ ಸಂಗಡ ಆಡುವುದಿಲ್ಲ. ಒಂದೆರಡು ವರ್ಷಕ್ಕೆ ಹಪ್ಪಳದಂತೆ ಎದ್ದು ಬರುತ್ತದೆ. ಬಣ್ಣದ ವಿಚಾರದಲ್ಲಿಯೂ ಇದೇ ಮಾತು. ಪಟ್ಟಣದಲ್ಲಿ ಕೆಲಸ ಮಾಡಿ ಬಂದ ಹುಡುಗರು ಪ್ಲಾಸ್ಟಿಕ್ ಪೇಂಟಿನ ಡಬ್ಬಿ ತಂದು, ಅಜ್ಜನ ಕಾಲದ ಮಣ್ಣಿನ ಗೋಡೆಗೆ ಬಳಿಯಲು ಹೊರಡುತ್ತಾರೆ. ಸಿಮೆಂಟಿನ ಗೋಡೆಗೆ ಆದರೆ ನಿಮ್ಮ ಇಷ್ಟ. ಮಣ್ಣಿನ ಗೋಡೆ ನೆಲದಿಂದ ತೇವ ಎಳೆದು ಮೇಲ್ಮೈಯಿಂದ ಬಿಡುತ್ತಿರುತ್ತದೆ. ಪ್ಲಾಸ್ಟಿಕ್ ಪೇಂಟು ಆ ದಾರಿಯನ್ನು ಮುಚ್ಚುತ್ತದೆ; ಒಳಗೆ ಸಿಕ್ಕಿದ ತೇವ ಗೋಡೆಯ ಬುಡವನ್ನು ಹಣ್ಣು ಮಾಡುತ್ತದೆ. ಸುಣ್ಣವಾದರೆ ಗೋಡೆಗೆ ಉಸಿರಾಡಲು ಬಿಡುತ್ತದೆ. ಅಗ್ಗವೆಂಬ ಕಾರಣಕ್ಕೆ ಅಲ್ಲ, ಮಣ್ಣಿಗೆ ಒಗ್ಗುವುದು ಅದೇ ಎಂಬ ಕಾರಣಕ್ಕೆ ನಾನು ಸುಣ್ಣವನ್ನೇ ಹೇಳುತ್ತೇನೆ.

ಸುಣ್ಣ ಬಳಿಯುವುದನ್ನು ನಮಗೆ ಕಲಿಸಬೇಕೇ ಎಂದು ತಾಯಂದಿರು ನಗಬಹುದು. ಆದರೂ ಬಳಿದ ಮೂರನೆಯ ದಿನಕ್ಕೆ ಕೈಗೆ, ಅಂಗಿಗೆ ಹತ್ತುವ ಸುಣ್ಣವನ್ನು ಊರೂರಲ್ಲಿ ನೋಡುತ್ತೇವೆ. ಅವಸರವೇ ಇದಕ್ಕೆ ಕಾರಣ. ಸುಟ್ಟ ಸುಣ್ಣದ ಹರಳು 1 ಕಿಲೋಗ್ರಾಮಿಗೆ ಸುಮಾರು 5 ಲೀಟರ್ ನೀರು ಬೇಕು. ಕಬ್ಬಿಣದ ಡ್ರಮ್ಮಿನಲ್ಲಾಗಲಿ ಮಣ್ಣಿನ ಬಾನಿಯಲ್ಲಾಗಲಿ ಮೊದಲು ನೀರು ಹಾಕಿ, ಆ ನೀರಿಗೆ ಹರಳನ್ನು ಸ್ವಲ್ಪ ಸ್ವಲ್ಪವಾಗಿ ಬಿಡಬೇಕು. ಹರಳಿನ ರಾಶಿಯ ಮೇಲೆ ನೀರು ಸುರಿಯಬಾರದು. ಸುರಿದರೆ ಕುದಿದು ಮುಖಕ್ಕೆ ಸಿಡಿಯುತ್ತದೆ. ಅಲ್ಯೂಮಿನಿಯಂ ಪಾತ್ರೆ ಬೇಡ, ಸುಣ್ಣ ಆ ಲೋಹವನ್ನು ತಿನ್ನುತ್ತದೆ. ಮಕ್ಕಳನ್ನು ದೂರವಿಡಿರಿ. ಕಣ್ಣಿಗೆ ಸಿಡಿದರೆ ಉಜ್ಜದೆ, ಕಣ್ಣು ತೆರೆದು ಬಹಳ ಹೊತ್ತು ಶುದ್ಧ ನೀರು ಸುರಿಯುತ್ತಲೇ ಇದ್ದು, ಕೂಡಲೆ ಡಾಕ್ಟರರಲ್ಲಿಗೆ ಕರೆದೊಯ್ಯಬೇಕು. ತಡಮಾಡಿದರೆ ದೃಷ್ಟಿಯೇ ಹೋದೀತು.

ಹೀಗೆ ಅರಳಿದ ಸುಣ್ಣ ಕಡಿಮೆಯೆಂದರೂ 24 ತಾಸು ಹಾಗೆಯೇ ಇರಬೇಕು. ಎರಡು ಮೂರು ದಿನ ಇದ್ದರೆ ಇನ್ನೂ ಚೆನ್ನ. ಅನಂತರ ಒರಟು ಬಟ್ಟೆಯಲ್ಲಿ ಸೋಸಿ, ಜಾಲಿಯ ಗೋಂದು 40 ಗ್ರಾಂ ಬಿಸಿನೀರಿನಲ್ಲಿ ಕರಗಿಸಿ 10 ಲೀಟರ್ ಸುಣ್ಣದ ನೀರಿಗೆ ಬೆರೆಸಿದರೆ ಅಂಟು ಬರುತ್ತದೆ. ಬೆಳ್ಳಗೆ ಹೊಳೆಯಬೇಕೆನ್ನುವವರು ಕಿಲೋ ಸುಣ್ಣಕ್ಕೆ 3 ಗ್ರಾಮಿನ ಒಳಗೆ ನೀಲಿ ಹಾಕಬಹುದು. ಹೆಚ್ಚಾದರೆ ಗೋಡೆ ಒಗೆದ ಧೋತರದಂತೆ ನೀಲಿಯಾಗಿ ಕಾಣುತ್ತದೆ. ಬಳಿಯುವ ಮುನ್ನ ಹಳೆಯ ಸುಣ್ಣದ ಸಡಿಲ ಪೊರೆ ಕೆರೆದು, ಗೋಡೆಗೆ ನೀರು ಚಿಮುಕಿಸಬೇಕು. ಸುಣ್ಣ ಹಾಲಿನಷ್ಟು ತೆಳುವಾಗಿರಲಿ. ದಪ್ಪಗೆ ಒಂದು ಸಲ ಬಳಿಯುವುದಕ್ಕಿಂತ ತೆಳ್ಳಗೆ ಎರಡು ಸಲ ಬಳಿಯುವುದು ಮೇಲು. ಮೊದಲನೆಯದು ಒಣಗಿದ ಮೇಲೆ ಎರಡನೆಯದು.

ಸುಣ್ಣ ಗಟ್ಟಿಯಾಗುವುದು ಬರಿಯ ನೀರು ಆರಿ ಅಲ್ಲ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಎಳೆದುಕೊಂಡು ಅದು ತಾನು ಮೊದಲಿದ್ದ ಸುಣ್ಣಕಲ್ಲೇ ಆಗುತ್ತದೆ. ಈ ಕ್ರಿಯೆ ನಿಧಾನ. ಅದಕ್ಕೆ ತೇವ ಬೇಕು. ಕಾದ ಗೋಡೆಗೆ ಮಧ್ಯಾಹ್ನದ ಬಿಸಿಲಲ್ಲಿ ಬಳಿದರೆ ನೀರು ಹಾರಿ ಪುಡಿ ಉಳಿಯುತ್ತದೆ. ಬಂದ ಮೇಲೆ ಬಳಿಯೋಣ ಎನ್ನುವವರು ಬರುವುದು ಕಡುಬೇಸಿಗೆಯಲ್ಲಿ; ಆ ಸುಣ್ಣ ಮೈಗೆ ಹತ್ತದೆ ಏನು ಮಾಡೀತು? ಈಗ ಮೂಡಣ ಗೋಡೆಯನ್ನು ಸಂಜೆ, ಪಡುವಣ ಗೋಡೆಯನ್ನು ಬೆಳಿಗ್ಗೆ, ಹೀಗೆ ನೆರಳು ಹಿಡಿದು ಬಳಿಯಿರಿ. ಮಳೆಯ ಮೋಡವಿದ್ದ ದಿನ ಹೊರಗೋಡೆಯ ಗೊಡವೆ ಬೇಡ.

ಕಾಳಿನ ಕೋಣೆಗೂ ಕೊಟ್ಟಿಗೆಗೂ ಸುಣ್ಣ ತಪ್ಪಿಸಬೇಡಿರಿ. ಕಾಳಿನ ಹುಳು, ದನದ ಉಣ್ಣೆ ಅಡಗುವುದು ಗೋಡೆಯ ಸೀಳುಗಳಲ್ಲಿ. ಸೀಳು ಮುಚ್ಚಿ ಸುಣ್ಣ ಬಳಿದ ಕೋಣೆಗೇ ಹೊಸ ಕಾಳು ಹೋಗಬೇಕು. ಬೀಜಕ್ಕೆಂದು ಇಡುವ ಕಾಳು ಹಲ್ಲಿಗೆ ಕಟ್ ಎಂದು ಮುರಿಯುವಷ್ಟು ಒಣಗಿರಲಿ.

ಬಾಗಿಲು, ಕಿಟಕಿಗೆ ಎಣ್ಣೆಯ ಬಣ್ಣ ಬಳಿಯುವವರು ಅದನ್ನು ಕೊನೆಯ ದಿನಕ್ಕೆ ಇಟ್ಟುಕೊಳ್ಳಬಾರದು. ಹಸಿ ಬಣ್ಣದ ಬಾಗಿಲು ಹಾಕಿ ಹೋದರೆ ಚೌಕಟ್ಟಿಗೆ ಅಂಟಿ, ಬಂದ ದಿನ ಒದ್ದು ತೆಗೆಯಬೇಕಾದೀತು. ಹೊರಡುವುದಕ್ಕೆ ನಾಲ್ಕೈದು ದಿನ ಮುಂಚೆಯೇ ಮುಗಿಸಿರಿ. ಅಗಸೆ ಎಣ್ಣೆ ಸವರುವ ವಾಡಿಕೆ ಇದ್ದವರಿಗೆ ಒಂದು ಎಚ್ಚರಿಕೆ: ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಯಲ್ಲಿ ಎಸೆಯಬಾರದು. ಅಗಸೆ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ. ಮುದ್ದೆಯ ಒಳಗೆ ಆ ಬಿಸಿ ಏರಿ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳುವುದುಂಟು. ಬಟ್ಟೆಯನ್ನು ಹೊರಗೆ ಬಯಲಿನಲ್ಲಿ ಹರವಿ ಒಣಗಿಸಿದ ಮೇಲೆ ಬಿಸಾಡಿರಿ. ಬೀಗ ಹಾಕಿದ ಮನೆಯಲ್ಲಿ ಬೆಂಕಿ ಎದ್ದರೆ ನೋಡುವವರು ಯಾರು?

ಈಗ ಹಿತ್ತಲಿಗೆ ಬರೋಣ. ಗೋಡೆಗೆ ತಂದ ಸುಣ್ಣದಲ್ಲಿಯೇ ಒಂದು ಬೊಗಸೆ ತೆಗೆದಿಟ್ಟುಕೊಳ್ಳಿರಿ. ಲಿಂಬೆ, ದಾಳಿಂಬೆ, ಮಾವಿನ ಗಿಡಗಳ ಕಾಂಡಕ್ಕೆ ಅದು ಬೇಕು. ಮಳೆಗಾಲ ಕಳೆದ ಮೇಲೆ ಲಿಂಬೆಯ ಬುಡದ ತೊಗಟೆ ಕೊಳೆತು ಗೋಂದು ಸೋರುವುದನ್ನು ನೀವೆಲ್ಲ ಕಂಡಿದ್ದೀರಿ. ಇದಕ್ಕೆ ಬೋರ್ಡೋ ಮುಲಾಮು ಒಳ್ಳೆಯ ಮದ್ದು. ಅಂಗಡಿಯಿಂದ ಮೈಲುತುತ್ತ 100 ಗ್ರಾಂ ತನ್ನಿರಿ. ಅದನ್ನು ಪುಡಿ ಮಾಡಿ ಅರ್ಧ ಲೀಟರ್ ನೀರಿನಲ್ಲಿ ಕರಗಿಸಿರಿ. ಬೇರೆ ಪಾತ್ರೆಯಲ್ಲಿ ಸುಣ್ಣ 100 ಗ್ರಾಂ, ಅದಕ್ಕೂ ಅರ್ಧ ಲೀಟರ್ ನೀರು. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿಯುತ್ತ ಕಟ್ಟಿಗೆಯಿಂದ ತಿರುವಬೇಕು. ಪಾತ್ರೆ ಮಣ್ಣಿನದೋ ಪ್ಲಾಸ್ಟಿಕ್ಕಿನದೋ ಇರಲಿ, ಕಬ್ಬಿಣದ್ದು ಬೇಡ. ಹದ ತಿಳಿಯಲು ಮಸೆದ ಚಾಕುವನ್ನು ಒಂದು ನಿಮಿಷ ಅದರಲ್ಲಿ ಅದ್ದಿ ತೆಗೆಯಿರಿ. ಅಲಗಿನ ಮೇಲೆ ತಾಮ್ರದ ಕೆಂಪು ಕೂತಿದ್ದರೆ ಇನ್ನೂ ಸ್ವಲ್ಪ ಸುಣ್ಣ ಬೇಕೆಂದು ಅರ್ಥ. ಅಲಗು ಬೆಳ್ಳಗಿದ್ದರೆ ಮುಲಾಮು ಸಿದ್ಧ. ಕೊಳೆತ ತೊಗಟೆಯನ್ನು ಗಟ್ಟಿ ಭಾಗ ಸಿಗುವವರೆಗೆ ಕೆರೆದು, ನೆಲದಿಂದ ಎರಡು ಅಡಿ ಎತ್ತರದವರೆಗೆ ಕಾಂಡಕ್ಕೆ ಬಳಿಯಿರಿ. ಕೊಂಬೆ ಕತ್ತರಿಸಿದ ಗಾಯಗಳಿಗೂ ಹಚ್ಚಿರಿ. ಕಲಸಿದ ದಿನವೇ ಬಳಸಿ ಮುಗಿಸಬೇಕು. ಇದು ವಿಷ, ಆ ಪಾತ್ರೆಯನ್ನು ಅಡಿಗೆಯ ಕೆಲಸಕ್ಕೆ ತಿರುಗಿ ತರಬಾರದು.

ಬೋರ್ಡೋ ಎಂಬುದು ಫ್ರಾನ್ಸ್ ದೇಶದ ಒಂದು ಪಟ್ಟಣದ ಹೆಸರು. ಅಲ್ಲಿಯ ದ್ರಾಕ್ಷಿ ತೋಟದವರು ದಾರಿಹೋಕರು ಹಣ್ಣು ಕದಿಯದಿರಲೆಂದು ದಾರಿಬದಿಯ ಬಳ್ಳಿಗಳಿಗೆ ಮೈಲುತುತ್ತ, ಸುಣ್ಣ ಕಲಸಿ ಎರಚುತ್ತಿದ್ದರು. ಎರಚಿದ ಬಳ್ಳಿಗೆ ರೋಗ ಬರಲಿಲ್ಲ, ಒಳಗಿನ ಬಳ್ಳಿಗಳಿಗೆ ಬಂದಿತು. ಮಿಲ್ಲಾರ್ಡೆ ಎಂಬ ಪ್ರಾಧ್ಯಾಪಕರು ಇದನ್ನು ಗಮನಿಸಿ, ಪರೀಕ್ಷಿಸಿ, 1885ರಲ್ಲಿ ಪ್ರಕಟಿಸಿದರು. ಕಳ್ಳರ ಕಾಟದಿಂದಲೂ ರೈತರಿಗೆ ಒಂದು ಲಾಭವಾದಂತಾಯಿತು.

ಮಿಕ್ಕ ಸುಣ್ಣದ ನೀರನ್ನು ಗಿಡದ ಬುಡಕ್ಕೆ ಸುರಿಯುವ ಅಭ್ಯಾಸ ಕೆಲವರಿಗಿದೆ. ಬೇಡ. ನಮ್ಮ ಎರೆಮಣ್ಣಿನಲ್ಲಿ ಸುಣ್ಣದ ಅಂಶ ಮೊದಲೇ ಹೆಚ್ಚು. ಇನ್ನೂ ಸುಣ್ಣ ಬಿದ್ದರೆ ಗಿಡಕ್ಕೆ ಕಬ್ಬಿಣದ ಅಂಶ ಸಿಗದೆ ಲಿಂಬೆಯ ಎಳೆ ಎಲೆಗಳು ಹಳದಿಯಾಗುತ್ತವೆ.

ಹೊರಡುವ ಮುನ್ನ ಗಿಡಕ್ಕೆ ಚೆನ್ನಾಗಿ ಗೊಬ್ಬರ ಕೊಟ್ಟು ಹೋಗೋಣ ಎಂದು ಪ್ರೀತಿಯಿಂದ ಮಾಡುವವರುಂಟು. ಅದೂ ಬೇಡ. ಗೊಬ್ಬರ ಬಿದ್ದರೆ ಗಿಡ ಹೊಸ ಚಿಗುರು ಬಿಡುತ್ತದೆ, ಚಿಗುರು ನೀರು ಕೇಳುತ್ತದೆ, ಕೊಡಲು ನೀವಿರುವುದಿಲ್ಲ. ಅದೇ ಕಾರಣಕ್ಕೆ ಈಗ ಬಲವಾಗಿ ಸವರುವುದೂ ಸಲ್ಲದು. ಒಣಗಿದ ಕೊಂಬೆ, ಲಿಂಬೆಯ ಬುಡದಿಂದ ಎದ್ದ ನೀರುಚಿಗುರು ಇಷ್ಟನ್ನು ತೆಗೆದರೆ ಸಾಕು. ಪೇರಲದ ಕೆಳಗೆ ಉದುರಿದ ಹಣ್ಣುಗಳನ್ನು ಆರಿಸಿ ಎರಡು ಅಡಿ ಆಳದಲ್ಲಿ ಹೂಳಿರಿ. ಇಲ್ಲವಾದರೆ ಅದರೊಳಗಿನ ಹಣ್ಣುನೊಣದ ಹುಳು ಮುಂದಿನ ಕಾಯಿಗೆ ಕಾದು ಕೂಡುತ್ತದೆ.

ಗುಳೆ ಹೋಗುವ ಮನೆಗಳಲ್ಲಿ ಬಹಳಷ್ಟು ಮನೆಗೆ ಪೂರ್ತಿ ಬೀಗ ಬೀಳುವುದಿಲ್ಲ. ಮುದುಕಿಯೋ ಮುದುಕನೋ, ಅವರ ಸಂಗಡ ಶಾಲೆಗೆ ಹೋಗುವ ಒಂದೆರಡು ಮಕ್ಕಳೋ ಉಳಿಯುತ್ತಾರೆ. ದೊಡ್ಡ ಮನೆಯ ಕೋಣೆಗಳಿಗೆ ಬೀಗ. ಅಡಿಗೆಮನೆ, ಪಡಸಾಲೆ ಅವರಿಗೆ. ಹಿತ್ತಲು ನೋಡಿಕೊಳ್ಳುವ ಕೆಲಸವೂ ಅವರ ಮೇಲೆಯೇ. ಒಂದು ಊರಿನಲ್ಲಿ ನಾನು ಗಿಡಕ್ಕೆ ನೀರು ಹಾಕುವ ವಿಚಾರ ಹೇಳುತ್ತಿದ್ದಾಗ ಕಟ್ಟೆಯ ಮೇಲೆ ಕುಳಿತಿದ್ದ ಹಿರಿಯಳೊಬ್ಬಳು, "ದಿನಾ ಎರಡ ಕೊಡ ನೀರ ಹಾಕ್ರಿ ಅಂತ ಹೇಳಿ ಹೋಗ್ತೀರಿ ಸಾಹೇಬ್ರ. ಹೊರಾಕಿ ನಾ ಅದೀನಿ" ಎಂದಳು.

"ಎಷ್ಟು ದೂರಿಂದ ತರ್ತೀರವ್ವಾ?" ಎಂದು ಕೇಳಿದೆ.

"ಅಗಸಿ ಹೊರಗಿನ ನಳದಿಂದ. ನಳ ಬಂದ ದಿನ," ಎಂದಳು.

ಈ ಮಾತನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಹಿತ್ತಲಿನ ವಿಚಾರ ಹೇಳುವುದು ವ್ಯರ್ಥ. ಮಗ ಸೊಸೆ ನೆಟ್ಟು ಹೋದ ಗಿಡಗಳನ್ನು ಉಳಿಸಲು ಎಪ್ಪತ್ತರ ಮುದುಕಿ ಸೊಂಟ ಮುರಿದುಕೊಳ್ಳಬಾರದು. ಆದ್ದರಿಂದ ನೀವು ಹೋಗುವ ಮುನ್ನ ಹಿತ್ತಲನ್ನು ಕಡಿಮೆ ನೀರಿನಲ್ಲಿ ಬದುಕುವಂತೆ ಸಜ್ಜು ಮಾಡಿ ಹೋಗಬೇಕು. ಇದಕ್ಕೆ ಎರಡು ದಿನದ ಗಂಡಾಳಿನ ಕೆಲಸ ಸಾಕು.

ಮೊದಲನೆಯದು, ಇರುವ ತೇವವನ್ನು ಮುಚ್ಚುವುದು. ಎರೆನೆಲ ಒಣಗಿದಂತೆ ಬಿರಿಯುತ್ತದೆ. ಬಿರುಕಿನಿಂದ ಆಳದ ತೇವವೂ ಹಾರುತ್ತದೆ, ಬೇರೂ ಹರಿಯುತ್ತದೆ. ಹೊಲದಲ್ಲಿ ಜೋಳದ ಸಾಲಿಗೆ ಎಡೆ ಹೊಡೆದು ಬಿರುಕು ಮುಚ್ಚುವುದಿಲ್ಲವೇ? ಹಿತ್ತಲಿನಲ್ಲಿ ಅದೇ ಕೆಲಸವನ್ನು ಕುರ್ಚಿಗೆಯಿಂದ ಮಾಡಿರಿ. ಗಿಡದ ಸುತ್ತ ನಾಲ್ಕು ಬೆರಳು ಆಳ ಮಾತ್ರ ಕೆದರಿ ಪುಡಿಮಣ್ಣು ಮಾಡಿ, ಅದರ ಮೇಲೆ ಮೂರು ನಾಲ್ಕು ಅಂಗುಲ ದಪ್ಪ ಹೊದಿಕೆ ಹಾಸಿರಿ. ಸೂರ್ಯಕಾಂತಿಯ ದಂಟು, ಶೇಂಗಾ ಸಿಪ್ಪೆ, ಉದುರೆಲೆ ಯಾವುದಾದರೂ ಆದೀತು. ದನ ತಿನ್ನುವ ಮೇವನ್ನು ಮಾತ್ರ ಇದಕ್ಕೆ ಹಾಕಬೇಡಿರಿ. ಹೊದಿಕೆ ಕಾಂಡಕ್ಕೆ ತಗಲದೆ ಒಂದು ಗೇಣು ದೂರವಿರಲಿ. ಗೆದ್ದಲಿನ ಹಾವಳಿ ಇರುವಲ್ಲಿ ಕೆಳಗೆ ಬೇವಿನ ಹಿಂಡಿ ಉದುರಿಸಿರಿ. ಮನೆಯ ಗೋಡೆಗೆ ಒತ್ತಿ ಹೊದಿಕೆಯನ್ನಾಗಲಿ ಕಟ್ಟಿಗೆಯ ಒಟ್ಟಿಲನ್ನಾಗಲಿ ಇಡಬೇಡಿರಿ. ಗೆದ್ದಲಿಗೂ ಚೇಳಿಗೂ ನೀವೇ ಬಾಗಿಲು ತೆರೆದಂತಾಗುತ್ತದೆ.

ಎರಡನೆಯದು, ಗಡಿಗೆಯ ನೀರಾವರಿ. ಬೇರು ಆಳಕ್ಕಿಳಿದ ದೊಡ್ಡ ಮರಗಳಿಗೆ ಹೊದಿಕೆಯೇ ಸಾಕಾಗಬಹುದು. ಎರಡು ಮೂರು ವರ್ಷದ ಎಳೆಗಿಡಗಳಿಗೆ ಮಾತ್ರ ನೀರು ಬೇಕೇ ಬೇಕು. ಕುಂಬಾರರಿಂದ ಹೊಸ ಮಣ್ಣಿನ ಗಡಿಗೆ ತನ್ನಿರಿ. ಎಂಟು ಹತ್ತು ಲೀಟರ್ ಹಿಡಿಯುವಂಥದ್ದು, ಬಣ್ಣವಾಗಲಿ ಮೆರುಗಾಗಲಿ ಇಲ್ಲದ್ದು. ರಾತ್ರಿ ನೀರು ತುಂಬಿಟ್ಟು ಬೆಳಿಗ್ಗೆ ನೋಡಿದರೆ ಹೊರಮೈ ಹಸಿಯಾಗಿರಬೇಕು. ಅಂಥದನ್ನು ಗಿಡದಿಂದ ಒಂದು ಅಡಿ ದೂರದಲ್ಲಿ ಕುತ್ತಿಗೆಯವರೆಗೆ ಹೂಳಿ, ಸುತ್ತಲೂ ಮರಳು, ಗೊಬ್ಬರ ಬೆರೆಸಿದ ಸಡಿಲ ಮಣ್ಣು ತುಂಬಿರಿ. ಬಾಯಿಗೆ ಚಪ್ಪಟೆ ಕಲ್ಲು ಮುಚ್ಚಿರಿ. ಸೊಳ್ಳೆಯೂ ಹೋಗಬಾರದು, ಕೋಳಿಮರಿಯೂ ಬೀಳಬಾರದು. ಗಡಿಗೆ ಬೆವರಿದಂತೆ ಮಣ್ಣು ನೀರು ಹೀರುತ್ತದೆ. ಮಣ್ಣು ಹಸಿಯಾಗಿದ್ದರೆ ಬೆವರುವುದೂ ಕಡಿಮೆಯಾಗುತ್ತದೆ. ನೀರು ಬೇರಿಗೇ ಮುಟ್ಟುವುದರಿಂದ ಮೇಲೆ ಹಾರಿಹೋಗುವುದು ಸ್ವಲ್ಪ, ಕಸ ಹುಟ್ಟುವುದೂ ಸ್ವಲ್ಪ. ಎರಡು ಸಾವಿರ ವರ್ಷದ ಹಿಂದಿನ ಚೀನಾದ ಒಂದು ಕೃಷಿಗ್ರಂಥದಲ್ಲಿಯೂ ಈ ಪದ್ಧತಿಯ ವರ್ಣನೆಯಿದೆ.

ಲೆಕ್ಕ ನೋಡಿರಿ. ನಾಲ್ಕು ಎಳೆಗಿಡ, ಗಿಡಕ್ಕೊಂದು ಎಂಟು ಲೀಟರಿನ ಗಡಿಗೆ, ಐದು ದಿನಕ್ಕೊಮ್ಮೆ ತುಂಬಿದರೆ ಒಟ್ಟು 32 ಲೀಟರ್. ಹೆಚ್ಚೆಂದರೆ ಮೂರು ಕೊಡ. ದಿನಕ್ಕೆ ಎರಡರಂತೆ ಹೊತ್ತರೆ ಅದೇ ಐದು ದಿನಕ್ಕೆ ಹತ್ತು ಕೊಡವಾಗುತ್ತಿತ್ತು. ಎಷ್ಟು ದಿನಕ್ಕೆ ಗಡಿಗೆ ಬರಿದಾಗುತ್ತದೆಂಬುದು ಗಡಿಗೆಯ ಮೇಲೆ, ಮಣ್ಣಿನ ಮೇಲೆ ಹೋಗುತ್ತದೆ. ಆದಕಾರಣ ಹೊರಡುವುದಕ್ಕೆ ಎಂಟು ಹತ್ತು ದಿನ ಮುಂಚೆಯೇ ಹೂಳಿ, ನೀವೇ ತುಂಬಿ, ದಿನ ಎಣಿಸಿ, ಮನೆಯಲ್ಲಿ ಉಳಿಯುವವರಿಗೆ ತಿಳಿಸಿ ಹೋಗಿರಿ. ಬೇಸಿಗೆ ಏರಿದಂತೆ ಬೇಗ ಬೇಗ ತುಂಬಬೇಕಾದೀತು ಎಂಬುದನ್ನೂ ಹೇಳಿರಿ. ಉಪ್ಪು ನೀರಿನ ಊರುಗಳಲ್ಲಿ ಕಾಲಕ್ರಮದಲ್ಲಿ ಗಡಿಗೆಯ ಸೂಕ್ಷ್ಮ ರಂಧ್ರಗಳು ಕಟ್ಟಿಕೊಳ್ಳುತ್ತವೆ. ಅಂಥ ಗಡಿಗೆಯನ್ನು ಬದಲಾಯಿಸಬೇಕು.

ಬಚ್ಚಲ ನೀರನ್ನು ಬೀದಿಗೆ ಬಿಡದೆ ಒಂದು ಸಣ್ಣ ಕಾಲುವೆ ತೋಡಿ ಬಾಳೆಯ ಅಥವಾ ತೆಂಗಿನ ಬುಡಕ್ಕೆ ತಿರುಗಿಸಿರಿ. ಇದ್ದಷ್ಟು ನೀರಿನಲ್ಲಿಯೇ ಬಾಗಿಲ ಹತ್ತಿರ ಒಂದು ಮಾರು ಅಗಲದ ಮಡಿ ಮಾಡಿ ಮೆಂತ್ಯ, ರಾಜಗಿರಿ ಬಿತ್ತಿದರೆ ಉಳಿದವರ ರೊಟ್ಟಿಗೆ ಪಲ್ಯ ಒದಗುತ್ತದೆ. ಮುಗಿದುಹೋದ ಹೀರೆ, ಕುಂಬಳದ ಬಳ್ಳಿಗಳನ್ನು ಕಿತ್ತು ಹಾಕಿರಿ. ಕಾಂಗ್ರೆಸ್ ಕಸವನ್ನು ಹೂ ಬಿಡುವ ಮುನ್ನವೇ, ಕೈಗೆ ಚೀಲ ಸುತ್ತಿಕೊಂಡು, ಬೇರುಸಹಿತ ಕೀಳಬೇಕು. ಅದರಿಂದ ಮೈತುರಿ, ದಮ್ಮು ಬರುತ್ತದೆ; ವಯಸ್ಸಾದವರಿಗೆ ಇನ್ನೂ ಕಷ್ಟ.

ಹೂ ಬಿಡದ ಈ ಕಸ, ಬಳ್ಳಿ, ಕೊಟ್ಟಿಗೆಯ ಗಂಜಲ ಮಣ್ಣು, ಸಗಣಿ ಎಲ್ಲವೂ ಗೊಬ್ಬರದ ಗುಂಡಿಗೆ. ದೂರ ಹೋಗುವವರಿಗೆ ಹೇಳಿ ಮಾಡಿಸಿದಂಥ ಕ್ರಮವೊಂದಿದೆ. ಆಚಾರ್ಯ ಎಂಬ ವಿಜ್ಞಾನಿಗಳು 1939ರಲ್ಲಿ ಬೆಂಗಳೂರಿನಲ್ಲಿ ರೂಪಿಸಿದ್ದರಿಂದ ಅದಕ್ಕೆ ಬೆಂಗಳೂರು ಪದ್ಧತಿ ಎಂದು ಹೆಸರು. ಮೂರಡಿ ಆಳದ ಗುಂಡಿಯಲ್ಲಿ ಕಸದ ಒಂದು ಪದರ, ಸಗಣಿಯ ಒಂದು ಪದರ ಹಾಕುತ್ತ, ನೀರು ಚಿಮುಕಿಸುತ್ತ, ನೆಲದ ಮೇಲೆ ಗುಮ್ಮಟದಂತೆ ಏಳುವವರೆಗೆ ತುಂಬಿ, ಮೇಲೆ ಒಂದು ಅಂಗುಲ ದಪ್ಪ ಮಣ್ಣು ಸಗಣಿಯ ಗಿಲಾವು ಮಾಡಿಬಿಡಬೇಕು. ತಿರುವುವ ಕೆಲಸವಿಲ್ಲ, ನೀರು ಹಾಕುವ ಕೆಲಸವಿಲ್ಲ. ಆರರಿಂದ ಎಂಟು ತಿಂಗಳಲ್ಲಿ ಗೊಬ್ಬರ ಸಿದ್ಧ. ದೀಪಾವಳಿಗೆ ಮುಚ್ಚಿದರೆ ಮುಂಗಾರಿಗೆ ತೆಗೆಯಬಹುದು.

ಇಷ್ಟೆಲ್ಲ ಮಾಡಿ ಬೇಲಿ ಮರೆತರೆ ಫಲವಿಲ್ಲ. ಸುಗ್ಗಿ ಮುಗಿದ ಮೇಲೆ ಊರ ಆಡುಗಳಿಗೆ ತಡೆಯೇ ಇರುವುದಿಲ್ಲ. ಜಾಲಿಯ ಮುಳ್ಳನ್ನು ಎರಡು ಪದರ ಕಟ್ಟಿ, ಮುದುಕರು ಸಲೀಸಾಗಿ ತೆಗೆದು ಹಾಕಬಹುದಾದ ಒಂದು ಹಗುರಾದ ಪಡಕು ಇಡಿರಿ.

ನೀರಿನ ಡ್ರಮ್ಮು, ತೊಟ್ಟಿ, ಒಡೆದ ಮಡಿಕೆ, ಹಳೆಯ ಟೈರು ಇವನ್ನು ಬರಿದು ಮಾಡಿದರಷ್ಟೇ ಸಾಲದು. ಡೆಂಗಿ ಜ್ವರ ಹರಡುವ ಸೊಳ್ಳೆ ಪಾತ್ರೆಯ ಒಳಗೋಡೆಗೆ ಮೊಟ್ಟೆ ಅಂಟಿಸುತ್ತದೆ. ಆ ಮೊಟ್ಟೆ ನೀರಿಲ್ಲದೆ ತಿಂಗಳುಗಟ್ಟಲೆ ಬದುಕಿದ್ದು, ನೀರು ಮುಟ್ಟಿದಾಗ ಒಡೆಯುತ್ತದೆ. ಒಳಬದಿಯನ್ನು ಕತ್ತದಿಂದ ತಿಕ್ಕಿ ತೊಳೆದು, ಒಣಗಿಸಿ, ಬೋರಲು ಹಾಕಿರಿ. ಮನೆಯಲ್ಲಿ ಉಳಿಯುವವರು ಬಳಸುವ ಡ್ರಮ್ಮಿಗೆ ಬಟ್ಟೆ ಕಟ್ಟಿ ಮುಚ್ಚುವ ವ್ಯವಸ್ಥೆ ಮಾಡಿರಿ.

ಹೊರಡುವ ದಿನದ ಕೆಲಸ ಹೆಚ್ಚಿಲ್ಲ. ಬೆಳಿಗ್ಗೆ ಗಡಿಗೆಗಳನ್ನೆಲ್ಲ ತುಂಬಿರಿ. ಬೀಗ ಹಾಕುವ ಕೋಣೆಗಳ ದೀಪದ ಸ್ವಿಚ್ಚು, ಗ್ಯಾಸಿನ ರೆಗ್ಯುಲೇಟರು ನೋಡಿರಿ. ಪಡಿತರ ಚೀಟಿ ಮನೆಯಲ್ಲಿ ಉಳಿಯುವವರಿಗೆ ಬೇಕಾಗುತ್ತದೆ, ಅದನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿಕೊಂಡು ಹೋಗಬೇಡಿರಿ. ಒಂದು ಬೀಗದ ಕೈಯನ್ನು ನಂಬಿಗೆಯ ನೆರೆಮನೆಯವರಲ್ಲಿ ಕೊಟ್ಟು, ತಿಂಗಳಿಗೊಮ್ಮೆ ಕೋಣೆಗಳ ಬಾಗಿಲು ತೆರೆದು ಗಾಳಿಯಾಡಿಸಲು, ಗೆದ್ದಲಿನ ಗೆರೆ ಕಂಡರೆ ಕೆರೆದು ಹಾಕಲು ಹೇಳಿರಿ. ಗಡಿಗೆ ತುಂಬಿದ ದಿನ ಮರೆಯದಿರಲು ಹಿತ್ತಲ ಬಾಗಿಲ ಪಕ್ಕದ ಹೊಸ ಸುಣ್ಣದ ಗೋಡೆಯ ಮೇಲೆ ಇದ್ದಿಲಿನಿಂದ ಒಂದು ಗೆರೆ ಎಳೆಯುವಂತೆ ಮನೆಯ ಮಗುವಿಗೆ ಕಲಿಸಿರಿ. ವಾರಕ್ಕೊಮ್ಮೆ ಫೋನು ಮಾಡಿದಾಗ ಗೆರೆ ಎಷ್ಟಾದವು ಎಂದು ಕೇಳಿರಿ. ಎಳೆಗಿಡದ ಎಲೆ ಬಾಡಿದ್ದರೆ ಮಗುವಿನ ಕೈಯಿಂದ ಅದರ ಚಿತ್ರ ತರಿಸಿಕೊಂಡು ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದವರಿಗೆ ಕಳಿಸಿರಿ. ನೀವು ಊರಲ್ಲಿಲ್ಲದಿದ್ದರೂ ಉತ್ತರ ಕೇಳುವ ಹಕ್ಕು ನಿಮ್ಮದು.